ಅಪ್ಪನ ಟ್ರಂಕಿನ ಕ್ಯಾಸೆಟ್ಟುಗಳು: ಸುಸ್ ಸದ್ದು ತೆಗೆಸಲು ಹೋದರೆ ಹಾಡೂ ಹೋಗುತ್ತಿದೆ, ಏನು ಮಾಡೋಣ?

ಜೇವರ್ಗಿ ರಸ್ತೆ (ಕಲಬುರಗಿ)

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ಕನ್ನಡ ಶಾಲೆಯ ಮಾಸ್ತರು. ಎಂಬತ್ತರ ದಶಕದಲ್ಲಿ ಅವರ ನೌಕರಿಯೆಲ್ಲ ಭೀಮಾ ದಂಡೆಯ ಹಳ್ಳಿಗಳಲ್ಲೇ. ಎಲ್ಲಿ ಭಜನೆ ಇದ್ದರೂ ಟೂ ಇನ್ ವನ್ (ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರೋ ಡಬ್ಬಿ) ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಕಡಕೋಳ ಮಡಿವಾಳೇಶ್ವರರ ತತ್ವಪದಗಳು, ಅಲಾಯಿ (ಮೊಹರಂ) ಹಬ್ಬದ ರಿವಾಯತ್ ಪದಗಳು, ಹೆಣ್ಣುಮಕ್ಕಳ ಬೀಸುವ ಪದ, ಸೋಬಾನ, ಎಲ್ಲಾ ಸೇರಿ ಒಂದು ಟ್ರಂಕು ತುಂಬ ಕ್ಯಾಸೆಟ್ ಇವೆ. ಹಾಡಿದವರಲ್ಲಿ ಜಾಸ್ತಿ ಜನ ಈಗಿಲ್ಲ. ಅವರ ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಕ್ಕಿಲ್ಲ, ದನಿ ಮಾತ್ರ ನಮ್ಮ ಟ್ರಂಕಿನಲ್ಲಿದೆ.

ಊರಲ್ಲೇ ಒಂದು ಸ್ಟುಡಿಯೋದವರಿಗೆ ಕೆಲವು ಕ್ಯಾಸೆಟ್ ಕೊಟ್ಟಿದ್ದೆ. ಪೆನ್ ಡ್ರೈವಿಗೆ ಎಂಪಿ3 ಹಾಕಿ ಕೊಟ್ಟರು. ‘ನಾಯ್ಸ್ ಪೂರಾ ತೆಗೆದೀವಿ ನೋಡ್ರಿ’ ಅಂದರು. ಖರೇ, ಸುಸ್ ಅನ್ನೋ ಸದ್ದು ಇಲ್ಲ. ಆದರೆ ಏಕತಾರಿ ಕೂಡ ಇಲ್ಲ. ತಾಳದ ಝಣತ್ಕಾರ ತುಂಡು ತುಂಡಾಗಿದೆ. ಹಾಡುವವರು ನೀರಿನೊಳಗೆ ಕೂತು ಹಾಡಿದ ಹಾಗಿದೆ. ಅಪ್ಪನಿಗೆ ಕೇಳಿಸಿದೆ. ‘ಇದು ನಾನು ತುಂಬಿದ್ದಲ್ಲ’ ಅಂದರು. ಅವರಿಗೆ ವಯಸ್ಸಾಗಿದೆ, ಕಿವಿ ಮಾತ್ರ ಇನ್ನೂ ಚುರುಕಾಗಿದೆ.

ಕ್ಯಾಸೆಟ್ ವಾಪಸ್ ತಂದಿದ್ದೇನೆ. ಈಗ ಏನು ಮಾಡಬೇಕು? ಬೆಂಗಳೂರಿಗೆ ಕಳಿಸಬೇಕಾ, ಇಲ್ಲೇ ಮಾಡಬಹುದಾ?

ಬೆಂಗಳೂರಲ್ಲಿ ಕಲಬುರ್ಗಿ

ಮೊದಲು ಒಳ್ಳೆಯ ಸುದ್ದಿ: ಕ್ಯಾಸೆಟ್ ನಿಮ್ಮ ಹತ್ತಿರ ಇದೆ. ಕೆಟ್ಟಿದ್ದು ನಕಲು ಮಾತ್ರ. ನಾನು ಸೌಂಡ್ ಕೆಲಸದಲ್ಲೇ ಇದ್ದೇನೆ, ಆಗಿದ್ದು ಏನು ಅಂತ ಹೇಳುತ್ತೇನೆ.

ನಾಯ್ಸ್ ತೆಗೆಯೋ ಸಾಫ್ಟ್‌ವೇರ್‌ಗೆ ಹಾಡು ಇಲ್ಲದ ಒಂದು ತುಣುಕು ತೋರಿಸುತ್ತಾರೆ. ಅದರಲ್ಲಿ ಯಾವ ಸ್ವರಮಟ್ಟದಲ್ಲಿ ಎಷ್ಟು ಸದ್ದಿದೆ ಅಂತ ಅದು ಅಳೆದುಕೊಳ್ಳುತ್ತದೆ. ಆಮೇಲೆ ಇಡೀ ಹಾಡಿನಲ್ಲಿ ಆ ಅಳತೆಗಿಂತ ಕೆಳಗೆ ಇರುವುದನ್ನೆಲ್ಲ ಅದುಮುತ್ತದೆ. ಏಕತಾರಿಯ ನಾದ ಆರಿಹೋಗುವ ಬಾಲ, ತಾಳದ ಕೊನೆಯ ಗುಣುಗು, ‘ಸ’, ‘ಶ’ ಅಕ್ಷರದ ಉಸಿರು, ಇವೆಲ್ಲ ಅದೇ ಮಟ್ಟದಲ್ಲಿರುತ್ತವೆ. ಯಾವುದು ಟೇಪಿನ ಸುಸ್, ಯಾವುದು ಮನುಷ್ಯನ ಉಸಿರು ಅಂತ ಅದಕ್ಕೆ ಗೊತ್ತಾಗಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಟೂ ಇನ್ ವನ್‌ನಲ್ಲಿ ರೆಕಾರ್ಡಿಂಗ್ ಲೆವೆಲ್ ತಿರುಗಿಸೋ ಗುಂಡಿಯೇ ಇರುತ್ತಿರಲಿಲ್ಲ. ಅದು ತಾನೇ ಏರಿಸಿ ಇಳಿಸಿಕೊಳ್ಳುತ್ತಿತ್ತು. ಹಾಡು ನಿಂತು ಎಲ್ಲರೂ ಸುಮ್ಮನಾದರೆ ಮೈಕನ್ನು ಜಾಸ್ತಿ ಮಾಡುತ್ತದೆ: ದೂರದ ನಾಯಿ, ಕೆಮ್ಮು, ಗಾಳಿ ಎಲ್ಲಾ ಮೇಲೆ ಬರುತ್ತವೆ. ಹಲಗಿ ಬಿದ್ದ ಕೂಡಲೇ ಗಕ್ಕನೆ ತಗ್ಗಿಸುತ್ತದೆ. ಹಾಗಾಗಿ ಹಾಡು ನಿಂತಾಗಿನ ಗದ್ದಲ ಹಾಡುವಾಗಿನ ಗದ್ದಲಕ್ಕಿಂತ ದೊಡ್ಡದು. ನಿಂತಾಗಿನ ತುಣುಕನ್ನೇ ಅಳತೆಗೆ ಕೊಟ್ಟರೆ ಸಾಫ್ಟ್‌ವೇರ್ ಬೇಕಾದ್ದಕ್ಕಿಂತ ಜಾಸ್ತಿ ಕತ್ತರಿಸುತ್ತದೆ. ನಿಮ್ಮ ಏಕತಾರಿ ಹೋಗಿದ್ದು ಹೀಗೆ.

ಸ್ಟುಡಿಯೋದವರನ್ನು ಒಂದು ಮಾತು ಕೇಳಿ: ಏನೂ ಮುಟ್ಟದ ಮೊದಲ ಫೈಲ್ ಇಟ್ಟಿದ್ದಾರಾ ಅಂತ. ಇದ್ದರೆ ತೆಗೆದುಕೊಳ್ಳಿ.

ಜೇವರ್ಗಿ ರಸ್ತೆ

ಕೇಳಿದೆ. ಅಳಿಸಿದ್ದಾರಂತೆ.

ಟೇಪು ಕಾಕಾ (ಬೀದರ್)

ತಮ್ಮಾ, ಬೆಂಗಳೂರಿಗೆ ಕಳಿಸೋ ಅಗತ್ಯ ಇಲ್ಲ. ನಾನು ಚೌಬಾರಾ ಹತ್ತಿರ ರೇಡಿಯೋ, ಟೇಪ್ ರಿಪೇರಿ ಮಾಡುತ್ತಲೇ ಮುದುಕನಾದವನು. ನನ್ನ ಅನುಭವದಲ್ಲಿ ಸೌಂಡ್ ಚೆನ್ನಾಗಿ ಬರೋದು, ಬರದೇ ಇರೋದು ಕಂಪ್ಯೂಟರಿಗೆ ಹೋಗೋಕೆ ಮೊದಲೇ ತೀರ್ಮಾನ ಆಗಿರುತ್ತದೆ. ಹೆಡ್ ಅಂದರೆ ಟೇಪಿಗೆ ತಾಗಿ ಸದ್ದು ಓದೋ ಭಾಗ, ಅದು ಎತ್ತಿಕೊಳ್ಳದ ಸದ್ದನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸಿ ಕೊಡಲ್ಲ.

ಲೆಕ್ಕ ನೋಡು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ತಾಳದ ಚುರುಕು ಸದ್ದು 10 ಕಿಲೋಹರ್ಟ್ಜ್ ಅಂತ ಇಟ್ಟುಕೋ. ಅದರ ಒಂದೊಂದು ಅಲೆ ಟೇಪಿನ ಮೇಲೆ ಬರೀ 4.76 ಮೈಕ್ರಾನ್ ಉದ್ದ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಹೆಡ್ಡಿಗೂ ಟೇಪಿಗೂ ನಡುವೆ ಒಂದೇ ಮೈಕ್ರಾನ್ ದೂಳು ಕೂತರೂ ಆ ಸದ್ದು ಸುಮಾರು 11 ಡೆಸಿಬಲ್ ಬೀಳುತ್ತದೆ. ನಮ್ಮ ಕಡೆಯ ದೂಳು ನಿನಗೆ ಗೊತ್ತೇ ಇದೆ. ಅದಕ್ಕೇ ಪ್ರತಿ ಕ್ಯಾಸೆಟ್ಟಿಗೂ ಮೊದಲು ಹೆಡ್ ಒರೆಸಬೇಕು. ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ, ಅಷ್ಟೇ. ಹತ್ತಿಗೆ ಕಂದು ಬಣ್ಣ ಹತ್ತೋದು ನಿಲ್ಲೋವರೆಗೆ ಒರೆಸು.

ಎರಡನೆಯದು ಪ್ಯಾಡ್. ಕ್ಯಾಸೆಟ್ಟಿನ ಬಾಯಿಯಲ್ಲಿ ನಡುವೆ ಒಂದು ಸಣ್ಣ ಉಣ್ಣೆಯ ತುಂಡು ಇರುತ್ತದೆ, ತಾಮ್ರದ ಬಣ್ಣದ ಪಟ್ಟಿಯ ಮೇಲೆ ಅಂಟಿಸಿರುತ್ತಾರೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯೋದು ಅದೇ. ನಲವತ್ತು ವರ್ಷಕ್ಕೆ ಅಂಟು ಒಣಗಿ ಪ್ಯಾಡ್ ಬಿದ್ದುಹೋಗಿರುತ್ತದೆ. ಆಗ ಸದ್ದು ಮಂಕಾಗುತ್ತದೆ, ಏರಿಳಿಯುತ್ತದೆ. ಜನ ‘ಕ್ಯಾಸೆಟ್ ಹಾಳಾಗ್ಯದ’ ಅಂತ ಎಸೆಯುತ್ತಾರೆ. ಹಾಳಾಗಿದ್ದು ಪೆಟ್ಟಿಗೆ, ಟೇಪಲ್ಲ. ಐದು ಸ್ಕ್ರೂ ಇರುವ ಒಂದು ಒಳ್ಳೆಯ ಕ್ಯಾಸೆಟ್ ಬಿಚ್ಚಿ, ಅದರ ರೀಲು ತೆಗೆದು, ನಿನ್ನ ಎರಡು ರೀಲು ಅದರೊಳಗೆ ಕೂಡಿಸು. ಮೇಜಿನ ಮೇಲೆ ಸಪಾಟಾಗಿ ಇಟ್ಟುಕೊಂಡೇ ಮಾಡಬೇಕು. ಕೈಯಲ್ಲಿ ಹಿಡಿದು ಮಾಡಿದರೆ ರೀಲು ಜಾರಿ ಬಿದ್ದು ಟೇಪು ಅಂಗಳ ತುಂಬ ಹರಡುತ್ತದೆ. ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ ಆದರೆ ಅಂಚಿನ ಸಂದಿಗೆ ತೆಳು ಚಾಕು ಹಾಕಿ ನಿಧಾನವಾಗಿ ಸೀಳಬೇಕು.

ಮೂರನೆಯದೇ ಮುಖ್ಯ. ಅಜಿಮತ್. ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇದೆ. ಅದು ಟೇಪು ಓಡುವ ದಾರಿಗೆ ಸರಿಯಾಗಿ ಲಂಬವಾಗಿ ನಿಲ್ಲಬೇಕು. ಒಂದು ಕೂದಲೆಳೆ ವಾರೆಯಾದರೂ ಮೇಲಿನ ಸ್ವರವೆಲ್ಲ ಮಾಯ. ನಿಮ್ಮಪ್ಪನ ಟೂ ಇನ್ ವನ್‌ನ ಹೆಡ್ ಹೊಲದ ದಾರಿಯಲ್ಲಿ ಕುಲುಕಾಡಿ ವಾರೆಯಾಗಿಯೇ ಇದ್ದಿರಬೇಕು. ಅಂದರೆ ಹಾಡು ಟೇಪಿನ ಮೇಲೆ ವಾರೆಯಾಗಿಯೇ ಬರೆದಿದೆ. ಸರಿಯಾದ ಡೆಕ್ಕಿನಲ್ಲಿ (ಕ್ಯಾಸೆಟ್ ಬಾರಿಸೋ ಯಂತ್ರದಲ್ಲಿ) ಹಾಕಿದರೆ ಮಂಕಾಗಿ ಕೇಳುತ್ತದೆ. ಡೆಕ್ ಎಷ್ಟು ದುಬಾರಿಯಾದರೂ ಅಷ್ಟೇ.

ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇದೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಮೆಲ್ಲಗೆ ತಿರುಗಿಸುತ್ತಾ ಕೇಳು. ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿ ಕೇಳಿದರೆ ಬೇಗ ಗೊತ್ತಾಗುತ್ತದೆ. ಸ್ವಲ್ಪ ತಿರುಗಿಸಿದರೆ ಮಂಕು, ಇನ್ನೂ ಸ್ವಲ್ಪಕ್ಕೆ ಇನ್ನೂ ಮಂಕು, ಆಮೇಲೆ ಒಂದು ಕಡೆ ತಾಳ ಝಲ್ಲಂತ ತೆರೆದುಕೊಳ್ಳುತ್ತದೆ. ಅಲ್ಲೇ ಬಿಡು. ಪ್ರತಿ ಕ್ಯಾಸೆಟ್ಟಿಗೂ ಹೀಗೆ ಮಾಡಬೇಕು, ಒಮ್ಮೊಮ್ಮೆ ಎ ಕಡೆಗೆ ಬೇರೆ, ಬಿ ಕಡೆಗೆ ಬೇರೆ. ಬೇಸರದ ಕೆಲಸ ಹೌದು. ದುಡ್ಡು ತೆಗೆದುಕೊಂಡು ಮಾಡುವವರು ಇದನ್ನು ಮಾಡಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು, ಇವತ್ತೇ ಮಾಡು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಪ್ಲಾಸ್ಟಿಕ್ ಚೂರು ಇರುತ್ತವೆ. ಎರಡೂ ಮುರಿ. ಆಗ ಯಾರು ಅಪ್ಪಿತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯಲ್ಲ.

ಬೆಂಗಳೂರಲ್ಲಿ ಕಲಬುರ್ಗಿ

ಕಾಕಾ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೇಳುವಾಗ ಮೋನೋ ಮಾಡಿ, ಆದರೆ ಕಂಪ್ಯೂಟರಿಗೆ ತುಂಬುವಾಗ ಸ್ಟೀರಿಯೋ ಆಗಿಯೇ ತುಂಬಿ. ಮೂಲ ಮೋನೋ ಇದ್ದರೂ ಪರವಾಗಿಲ್ಲ. ಟೇಪಿನ ಒಂದು ಅಂಚು ಸುಕ್ಕಾಗಿದ್ದರೆ ಒಂದು ಚಾನೆಲ್ ಕೆಟ್ಟಿರುತ್ತದೆ, ಇನ್ನೊಂದು ಚೆನ್ನಾಗಿರುತ್ತದೆ. ಎರಡೂ ಕೈಯಲ್ಲಿದ್ದರೆ ಆಮೇಲೆ ಆರಿಸಿಕೊಳ್ಳಬಹುದು. ಮೊದಲೇ ಕೂಡಿಸಿಬಿಟ್ಟರೆ ಬೇರೆ ಮಾಡಲು ಬರಲ್ಲ.

ಸಾಮಾನು ಏನು ಬೇಕು ಅಂದರೆ: ಲೈನ್ ಇನ್ ಇರುವ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪ್, ಅಡಾಸಿಟಿ. ಅಡಾಸಿಟಿ ಅಂದರೆ ಸದ್ದು ತುಂಬುವ, ತಿದ್ದುವ ಸಾಫ್ಟ್‌ವೇರ್, ಬಿಟ್ಟಿ ಸಿಗುತ್ತದೆ. ಕ್ಯಾಸೆಟ್ ಒಳಗಿಟ್ಟು ನೇರ ಯುಎಸ್‌ಬಿಗೆ ಹಾಕೋ ಅಗ್ಗದ ಡಬ್ಬಿಗಳು ಆನ್‌ಲೈನಲ್ಲಿ ಬರುತ್ತವಲ್ಲ, ಅವು ಬೇಡ. ಅವುಗಳಲ್ಲಿ ಟೇಪು ಒಂದೇ ವೇಗದಲ್ಲಿ ಓಡಲ್ಲ.

24 ಬಿಟ್, 96 ಕಿಲೋಹರ್ಟ್ಜ್ (ಸದ್ದನ್ನು ಸೆಕೆಂಡಿಗೆ 96 ಸಾವಿರ ಸಲ ಅಳೆಯೋದು), ವೇವ್ ಫೈಲ್. ಲೆವೆಲ್ ತುದಿಯವರೆಗೆ ಏರಿಸಬೇಡಿ, ಅತಿ ಜೋರಿನ ಜಾಗ ಮೈನಸ್ 6 ಡೆಸಿಬಲ್ ದಾಟದಿರಲಿ. ತುಂಬುವಾಗ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ನಡೆಸಿ, ಗುಂಯ್ ಸದ್ದು ಎಷ್ಟೋ ಕಡಿಮೆ ಆಗುತ್ತದೆ.

ಸಗರನಾಡು (ಶಹಾಪುರ)

ಎಲ್ಲಾ ಸರಿ ಸರ್, ಆದರೆ ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ.

ನಮ್ಮೂರಲ್ಲೂ ಇಂಥ ಕ್ಯಾಸೆಟ್ ಇದ್ದವು. ಹಿರಿಯರು ‘ಮೂಲ, ಮೂಲ’ ಅಂತ ಬೀರುವಿನಲ್ಲಿಟ್ಟರು. ನನ್ನ ವಯಸ್ಸಿನವರು ಒಬ್ಬರೂ ಕೇಳಲಿಲ್ಲ. ನಾವು ಕೇಳೋದು ಮೊಬೈಲಲ್ಲಿ, ಟ್ರ್ಯಾಕ್ಟರ್ ಮೇಲೆ, ಬಸ್ಸಲ್ಲಿ. ಸುಸ್ ಅಂತ ಶುರುವಾದರೆ ಹತ್ತು ಸೆಕೆಂಡಿಗೆ ಮುಂದಿನ ಹಾಡಿಗೆ ಹೋಗುತ್ತಾರೆ. ಜಾತ್ರೆಯಲ್ಲಿ ಮೈಕ್ ಸೆಟ್ಟಿಗೆ ಹಾಕಿದರೆ ಹಳೇ ರೆಕಾರ್ಡಿಂಗ್ ದನಿಯೇ ಏಳಲ್ಲ. ಪದ ಜನರ ಬಾಯಲ್ಲಿ ಉಳಿಯಬೇಕು ಅಂದರೆ ಸ್ವಚ್ಛ ಮಾಡಿ, ಜೋರು ಮಾಡಿ ಹಾಕಲೇಬೇಕು. ಯಾರೂ ಕೇಳದ 96 ಕಿಲೋಹರ್ಟ್ಜ್ ಯಾರಿಗೆ ಬೇಕು? ಮನುಷ್ಯನ ಕಿವಿ 20ಕ್ಕೆ ನಿಲ್ಲುತ್ತದೆ ಅಲ್ವಾ? ಕ್ಯಾಸೆಟ್ಟಿನಲ್ಲಿ ಅಷ್ಟೂ ಇರಲ್ಲ.

ಜೇವರ್ಗಿ ರಸ್ತೆ

ನಮ್ಮ ಕಾಕಾನ ಮಗನೂ ಇದನ್ನೇ ಹೇಳುತ್ತಾನೆ. ಮುಂದಿನ ಜಾತ್ರೆಗೆ ಬೇಕಂತೆ. ನನಗೂ ಆಸೆ ಇದೆ, ಆ ಪದಗಳು ಮತ್ತೆ ಊರಲ್ಲಿ ಕೇಳಬೇಕು ಅಂತ.

ಬೆಂಗಳೂರಲ್ಲಿ ಕಲಬುರ್ಗಿ

ಸಗರನಾಡು ಅವರೇ, ನಿಮ್ಮ ಮಾತಿನಲ್ಲಿ ಅರ್ಧ ನಾನು ಪೂರ್ತಿ ಒಪ್ಪುತ್ತೇನೆ. ಬೀರುವಿನಲ್ಲಿಟ್ಟರೆ ಉಳಿಯಲ್ಲ. ಆದರೆ ಜಾತ್ರೆಗೆ ಬೇಕಾದ ನಕಲು ಬೇರೆ, ಮುಂದಿನವರಿಗೆ ಇಡಬೇಕಾದ ನಕಲು ಬೇರೆ. ಮೊದಲು ಏನೂ ಮುಟ್ಟದ ಫೈಲ್ ಇರಲಿ, ಸುಸ್ ಸಮೇತ. ಅದರ ಮೇಲೆ ಒಂದು ನಕಲು ಮಾಡಿ ಬೇಕಾದ್ದು ಮಾಡಿಕೊಳ್ಳಿ. ಸದ್ದು ತೆಗೆಯೋ ಉಪಾಯಗಳು ವರ್ಷ ವರ್ಷ ಸುಧಾರಿಸುತ್ತಿವೆ. ಇವತ್ತು ಒರಟಾಗಿ ತೆಗೆದದ್ದನ್ನು ನಾಳೆ ನಾಜೂಕಾಗಿ ತೆಗೆಯಬಹುದು, ಆದರೆ ಮುಟ್ಟದ ಫೈಲ್ ಕೈಯಲ್ಲಿದ್ದರೆ ಮಾತ್ರ.

96ರ ಪ್ರಶ್ನೆ ನ್ಯಾಯವಾದದ್ದು. ಕ್ಯಾಸೆಟ್ಟಿನ ಹಾಡಿಗೆ ಅಷ್ಟು ಬೇಡ, ಖರೇ. ಚಿಟ್ ಅನ್ನೋ ಸದ್ದು ಹುಡುಕಿ ತೆಗೆಯಲು, ಎರಡು ಚಾನೆಲ್ಲಿನ ಸಮಯದ ಅಂತರ ಸರಿ ಮಾಡಲು ಅದು ಅನುಕೂಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಕನಿಷ್ಠ 48 ಕಿಲೋಹರ್ಟ್ಜ್, 24 ಬಿಟ್ ಇರಲಿ ಅನ್ನುತ್ತದೆ. ಜಾಗ ಕಡಿಮೆ ಇದ್ದರೆ 48 ಸಾಕು. 24 ಬಿಟ್ ಮಾತ್ರ ಬಿಡಬೇಡಿ, ಆಗ ಲೆವೆಲ್ ತಗ್ಗಿಸಿ ನೆಮ್ಮದಿಯಿಂದ ತುಂಬಬಹುದು. 96ರಲ್ಲಿ ಒಂದು ಗಂಟೆಯ ಕ್ಯಾಸೆಟ್ ಸುಮಾರು 2 ಜಿಬಿ ಆಗುತ್ತದೆ. ಫ್ಲ್ಯಾಕ್ (ಏನೂ ಬಿಡದೆ ಫೈಲ್ ಸಣ್ಣದು ಮಾಡೋ ರೂಪ) ಮಾಡಿದರೆ ಹೆಚ್ಚು ಕಡಿಮೆ ಅರ್ಧ, ಗುಣ ಒಂದಿಷ್ಟೂ ಕೆಡಲ್ಲ. ಎಂಪಿ3 ಹಾಗಲ್ಲ. ಕಿವಿಗೆ ಗೊತ್ತಾಗಲ್ಲ ಅಂದುಕೊಂಡು ಅದು ಕೆಲವು ಸದ್ದು ಬಿಟ್ಟುಬಿಡುತ್ತದೆ. ಬಿಟ್ಟದ್ದು ಮತ್ತೆ ಬರಲ್ಲ.

ಇನ್ನು ಜೋರು ಮಾಡೋ ವಿಷಯ. ‘ರೀಮಾಸ್ಟರ್’ ಅಂತ ಹಣೆಪಟ್ಟಿ ಹಚ್ಚಿಕೊಂಡು ಬರೋ ಹಳೇ ಹಾಡುಗಳನ್ನು ಸ್ವಲ್ಪ ಹೊತ್ತು ಕೇಳಿದರೆ ತಲೆ ಸಿಡಿಯುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ಕಾರಣ ಇದೇ. ಲಿಮಿಟರ್ ಹಾಕಿ ಮೆಲ್ಲಗಿನದನ್ನು ಏರಿಸುತ್ತಾರೆ, ಜೋರಿನದರ ತಲೆ ಕತ್ತರಿಸುತ್ತಾರೆ. ತಬಲಾದ ಏಟಿಗೂ ಗಾಯಕನ ಪಿಸುಮಾತಿಗೂ ಅಂತರವೇ ಉಳಿಯಲ್ಲ. ತೊಂಬತ್ತರ ದಶಕದಿಂದ ಸಿಡಿ ಕಂಪನಿಗಳು ಒಬ್ಬರ ಮೇಲೊಬ್ಬರು ಹೀಗೆ ಜೋರು ಮಾಡುತ್ತಾ ಹೋದರು. ಈಗ ಅದರಿಂದ ಲಾಭವೂ ಇಲ್ಲ. ಯೂಟ್ಯೂಬ್ ತನ್ನ ಮಟ್ಟಕ್ಕಿಂತ ಜೋರು ಇರೋ ಹಾಡನ್ನು ತಾನೇ ತಗ್ಗಿಸುತ್ತದೆ. ಆ ಮಟ್ಟ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರಿದೆ ಅನ್ನೋ ಅಳತೆ). ಜೋರು ಮಾಡಿ ಹಾಕಿದರೆ ಕೊನೆಗೆ ಉಳಿಯೋದು ಜಜ್ಜಿದ ಹಾಡು ಮಾತ್ರ.

ಹೊಸ ನಕಲಿನಲ್ಲಿ ಮಾಡಬಹುದಾದ್ದು ಇಷ್ಟು: ಗುಂಯ್ ಸದ್ದಿಗೆ 50, 100, 150 ಹರ್ಟ್ಜ್‌ನಲ್ಲಿ ಸಣ್ಣ ಕಡಿತ. ಸುಸ್ ಸದ್ದು ಪೂರಾ ತೆಗೆಯದೆ 4ರಿಂದ 6 ಡೆಸಿಬಲ್ ಇಳಿಸಿ. ಹಾಡಿನ ಶುರುವಿನಲ್ಲಿ, ಕೊನೆಯಲ್ಲಿ ಮೆಲ್ಲಗೆ ಏರಿಸಿ ಇಳಿಸಿ. ಹಾಡು ಶುರುವಾದ ಮೇಲೆ ಸುಸ್ ಮೇಲೆ ಯಾರ ಗಮನವೂ ಇರಲ್ಲ, ಪರೀಕ್ಷೆ ಮಾಡಿ ನೋಡಿ.

ಸಗರನಾಡು

ಎರಡು ನಕಲು ಅಂದರೆ ನನ್ನ ತಕರಾರಿಲ್ಲ. ಆದರೆ ಮೊದಲ ನಕಲು ಮಾಡಿ ದಣಿದು ಎರಡನೆಯದು ಮಾಡದೇ ಬಿಡುತ್ತಾರೆ, ಅದು ನಾನು ಕಂಡಿದ್ದು. ಜನರಿಗೆ ಕೇಳಿಸೋ ನಕಲು ಯಾರು ಮಾಡುತ್ತಾರೆ ಅಂತ ಈಗಲೇ ಗೊತ್ತಾಗಲಿ. ಬೇಕಿದ್ದರೆ ಅದು ನಾನು ಮಾಡಿಕೊಡುತ್ತೇನೆ.

ಜೇವರ್ಗಿ ರಸ್ತೆ

ಖಂಡಿತ ಮಾಡಿ ಅಣ್ಣಾ. ಫೈಲ್ ಕಳಿಸುತ್ತೇನೆ.

ಹುಮನಾಬಾದ್ ಅಕ್ಕ

ನಾನೂ ಒಂದು ಕೇಳಲಾ? ನಮ್ಮ ಮನೆ ಮಾಣಿಕನಗರಕ್ಕೆ ಹತ್ತಿರ. ದತ್ತ ಜಯಂತಿಗೆ ಅಲ್ಲಿ ಸಂಗೀತ ದರ್ಬಾರ್ ಆಗುತ್ತದೆ, ಎಲ್ಲರಿಗೂ ಗೊತ್ತು. ನಮ್ಮ ಮುತ್ಯಾ ಸಂಗೀತದ ಹುಚ್ಚಿನವರು. ಅವರದು ಸ್ಪೂಲ್ ಟೇಪು ಕೆಲವು ಇವೆ, ಕರಿ ತಟ್ಟೆಗಳೂ ಇವೆ, ನಾಯಿ ಚಿತ್ರದವು. ಸ್ಪೂಲಿನ ಡಬ್ಬಿ ತೆರೆದರೆ ಹುಳಿ ವಾಸನೆ ಬರುತ್ತಿದೆ. ತಟ್ಟೆಗಳ ಮೇಲೆ ಬಿಳಿ ಬೂಷ್ಟು ಕೂತಿದೆ. ಮೇಲೆ ಹೇಳಿದ ಆ ಆಲ್ಕೋಹಾಲಿನಿಂದ ಒರೆಸಬಹುದಾ?

ಟೇಪು ಕಾಕಾ

ಬೇಡವ್ವಾ, ಬೇಡ! ತಟ್ಟೆಗೆ ಆಲ್ಕೋಹಾಲ್ ಮುಟ್ಟಿಸಬೇಡ. 78ರ (ನಿಮಿಷಕ್ಕೆ 78 ಸುತ್ತು ತಿರುಗೋ) ಕರಿ ತಟ್ಟೆ ಮಾಡಿರೋದು ಅರಗಿನಿಂದ. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಒರೆಸಿದ ಜಾಗದಲ್ಲಿ ಗೆರೆಯೇ ಅಳಿಸಿಹೋಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಮೆತ್ತನೆ ಬ್ರಶ್ಶಿನಿಂದ ಗೆರೆಯ ಜಾಡಿನಲ್ಲೇ ಸುತ್ತಿಸಿ ತೊಳಿ. ನಡುವಿನ ಲೇಬಲ್ ಒದ್ದೆ ಆಗದಿರಲಿ. ಬೇಗ ಬಟ್ಟೆಯಿಂದ ಒತ್ತಿ ಒಣಗಿಸು. ವಿನೈಲ್ ತಟ್ಟೆ ಬೇರೆ, ಅದು ಪ್ಲಾಸ್ಟಿಕ್, ಕೈಯಲ್ಲಿ ಹಿಡಿದರೆ ಹಗುರ, ಬಾಗುತ್ತದೆ. 78ರದ್ದು ಭಾರ, ಬಿದ್ದರೆ ಗಾಜಿನಂತೆ ಒಡೆಯುತ್ತದೆ.

ಬಾರಿಸುವಾಗ ಮುಳ್ಳು ಬದಲಿಸಬೇಕು. ಎಲ್‌ಪಿಯ (ವಿನೈಲ್ ತಟ್ಟೆಯ) ಮುಳ್ಳು ಸುಮಾರು 25 ಮೈಕ್ರಾನ್ ಅಥವಾ ಇನ್ನೂ ಸಣ್ಣದು. 78ಕ್ಕೆ 75 ಮೈಕ್ರಾನ್ ಬೇಕು. ಸಣ್ಣ ಮುಳ್ಳು ಗೆರೆಯ ತಳಕ್ಕೆ ಇಳಿದು ಕಸದಲ್ಲಿ ಓಡಾಡುತ್ತದೆ, ಗೋಡೆಯಲ್ಲಿರೋ ಹಾಡು ಅದಕ್ಕೆ ಸಿಗಲ್ಲ. ಜನ ‘78 ಅಂದರೆ ಗರಗರ’ ಅನ್ನೋದರಲ್ಲಿ ಅರ್ಧ ತಪ್ಪು ಈ ಮುಳ್ಳಿನದು. ಹಳೇ ಗ್ರಾಮಫೋನಿನ ಉಕ್ಕಿನ ಮುಳ್ಳಿಂದ ಮಾತ್ರ ಬಾರಿಸಬೇಡ, ಒಂದೊಂದು ಸಲಕ್ಕೂ ಗೆರೆ ಸವೆಯುತ್ತದೆ.

ಈಗ ಸ್ಪೂಲು. ಹುಳಿ ವಾಸನೆ ಅಂದರೆ ಅಸಿಟೇಟ್ ಟೇಪು ಇರಬೇಕು. ಸ್ಪೂಲನ್ನು ಬಾಗಿಲ ಬೆಳಕಿಗೆ ಅಡ್ಡ ಹಿಡಿದು ನೋಡು. ಸುತ್ತಿದ ಟೇಪಿನೊಳಗಿಂದ ಬೆಳಕು ಹಾಯ್ದರೆ ಅಸಿಟೇಟ್. ಕಪ್ಪಗೆ ನಿಂತರೆ ಪಾಲಿಯೆಸ್ಟರ್. ಅಸಿಟೇಟ್ ಒಣಗಿ ಪುಡಿಪುಡಿ ಆಗುತ್ತದೆ, ಜಗ್ಗಿದರೆ ಪಟ್ಟಂತ ಹರಿಯುತ್ತದೆ. ಹುಳಿ ವಾಸನೆಯ ಡಬ್ಬಿಯನ್ನು ಬೇರೆ ಟೇಪುಗಳಿಂದ ದೂರ ಇಡು, ಆ ಆವಿ ಉಳಿದವನ್ನೂ ಬೇಗ ಕೆಡಿಸುತ್ತದೆ. ಮೊದಲು ಮಾಡಬೇಕಾದ್ದು ಅದೇ. ಕಾಯಲು ಸಮಯ ಇಲ್ಲ.

ಬೆಂಗಳೂರಲ್ಲಿ ಕಲಬುರ್ಗಿ

ಅಕ್ಕಾ, ಇಂಟರ್‌ನೆಟ್ಟಿನಲ್ಲಿ ‘ಟೇಪನ್ನು ಒಲೆಯಲ್ಲಿ ಬೇಯಿಸಿ’ ಅಂತ ಓದಿರಬಹುದು. ಅದು ಎಪ್ಪತ್ತು, ಎಂಬತ್ತರ ದಶಕದ ಕೆಲವು ಸ್ಟುಡಿಯೋ ಪಾಲಿಯೆಸ್ಟರ್ ಟೇಪುಗಳಿಗೆ ಮಾತ್ರ. ಅವುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ, ಹೆಡ್ಡಿಗೆ ಅಂಟಿ ಕೀರಲುತ್ತದೆ. ಅದಕ್ಕೆ 54 ಡಿಗ್ರಿ ಸುಮಾರಿನಲ್ಲಿ, ಉಷ್ಣತೆ ಅತ್ತಿತ್ತ ಆಗದ ಯಂತ್ರದಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಅಸಿಟೇಟಿಗೆ ಅದನ್ನು ಮಾಡಿದರೆ ಟೇಪು ಮುಗಿದೇ ಹೋಯಿತು. ಮನೆಯ ಒಲೆಯಲ್ಲಂತೂ ಯಾವುದನ್ನೂ ಇಡಬೇಡಿ. ಸ್ಪೂಲು ಮಾತ್ರ ಅನುಭವ ಇರುವವರ ಕೈಗೇ ಕೊಡಿ. ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರ ಧ್ವನಿ ಸಂಗ್ರಹಾಲಯ ಇದೆ, 1982ರಲ್ಲಿ ಶುರುವಾದದ್ದು. ದೇಶದ ಸಂಗೀತದ ರೆಕಾರ್ಡಿಂಗ್ ಕಾಪಾಡೋದೇ ಅವರ ಕೆಲಸ. ಒಂದು ಪತ್ರ ಬರೆದು ಕೇಳಿ.

ಶಹಾಬಾದ್ ಕಲ್ಲು

ನಾನು ಹಾರ್ಮೋನಿಯಂ ಬಾರಿಸುವವನು, ಯಂತ್ರದ ಜ್ಞಾನ ಇಲ್ಲ. ಒಂದೇ ಅನುಮಾನ. ಇಂಥ ಹಳ್ಳಿ ರೆಕಾರ್ಡಿಂಗ್ ಕೇಳುವಾಗ ಎಷ್ಟೋ ಸಲ ಶ್ರುತಿ ವಿಚಿತ್ರವಾಗಿರುತ್ತದೆ. ಗಂಡಸರ ದನಿ ತೆಳ್ಳಗೆ, ಅವಸರದಲ್ಲಿ ಹಾಡಿದ್ದಾರೆ ಅನ್ನಿಸುತ್ತದೆ. ಯಂತ್ರದ ತಪ್ಪಾ?

ಟೇಪು ಕಾಕಾ

ಸೆಲ್ಲಿನ ತಪ್ಪು. ಹಳ್ಳಿಯಲ್ಲಿ ಟೂ ಇನ್ ವನ್ ಸೆಲ್ಲಿನ ಮೇಲೆ ಓಡುತ್ತಿತ್ತು. ಸೆಲ್ ಇಳಿದಂತೆ ಮೋಟರ್ ನಿಧಾನ ಆಗುತ್ತದೆ. ನಿಧಾನವಾಗಿ ತುಂಬಿದ್ದನ್ನು ಸರಿ ವೇಗದಲ್ಲಿ ಓಡಿಸಿದರೆ ದನಿ ಏರುತ್ತದೆ. ರಾತ್ರಿ ಭಜನೆ ಕೇಳು, ಶುರುವಿಗೆ ಸರಿ ಇರುತ್ತದೆ, ಬೆಳಗಿನ ಜಾವಕ್ಕೆ ಎಲ್ಲರ ದನಿಯೂ ಏರಿರುತ್ತದೆ.

ಶಹಾಬಾದ್ ಕಲ್ಲು

ಹಾಗಾದರೆ ಹಾರ್ಮೋನಿಯಂ ಹಿಡಿದು ಸರಿ ಮಾಡಬಹುದು! ಭಜನೆಯಲ್ಲಿ ಹಾರ್ಮೋನಿಯಂ ಇದ್ದೇ ಇರುತ್ತದೆ. ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಪಟ್ಟಿ) ಹಾಡಿದ್ದು ಬಿಳಿ ಎರಡಕ್ಕೆ ಕೇಳಿದರೆ ಒಂದು ಪಟ್ಟಿ ಏರಿದೆ, ಅಂದರೆ ವೇಗ ಶೇ 6ರಷ್ಟು ಜಾಸ್ತಿ. ಆದರೆ ಮೂಲದಲ್ಲಿ ಕಪ್ಪು ಒಂದೇ ಇತ್ತು ಅಂತ ಹೇಗೆ ಗೊತ್ತಾಗಬೇಕು?

ಬೆಂಗಳೂರಲ್ಲಿ ಕಲಬುರ್ಗಿ

ಇಲ್ಲಿ ಗುಂಯ್ ಸದ್ದು ಕೆಲಸಕ್ಕೆ ಬರುತ್ತದೆ. ಎಲ್ಲರೂ ಮೊದಲು ತೆಗೆದು ಬಿಸಾಡೋದು ಅದನ್ನೇ. ಟೂ ಇನ್ ವನ್ ಸೆಲ್ಲಿನ ಮೇಲೆ ಓಡಿದ್ದರೂ ಗುಡಿಯ ಮೈಕ್ ಸೆಟ್ ಕರೆಂಟಿನ ಮೇಲಿರುತ್ತಿತ್ತು. ಅದರ ಕಹಳೆಯ ಗುಂಯ್ ಸದ್ದು 50 ಹರ್ಟ್ಜ್ ಮತ್ತು ಅದರ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಟೇಪಿನ ಮೇಲೆ ಕೂತಿರುತ್ತದೆ. ಫೈಲಿನ ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಅನ್ನೋ ಚಿತ್ರ) ತೆಗೆದು ನೋಡಿ. ಎರಡು ಗೆರೆ ಕಾಣಬಹುದು. ಒಂದು ಸರಿಯಾಗಿ 50ರಲ್ಲಿ, ಅದು ಇವತ್ತು ನಿಮ್ಮ ಮನೆಯ ಕರೆಂಟಿನದು. ಇನ್ನೊಂದು 53ರಲ್ಲಿ ಅಂತ ಇಟ್ಟುಕೊಳ್ಳಿ, ಅದು ಆ ರಾತ್ರಿಯದು. 53ನ್ನು 50ಕ್ಕೆ ಇಳಿಸಿದರೆ ಆ ರಾತ್ರಿಯ ವೇಗ ಸಿಗುತ್ತದೆ.

ಪೂರ್ತಿ ನಂಬಬೇಡಿ. ಆ ಕಾಲದಲ್ಲಿ ದಕ್ಷಿಣದ ಕರೆಂಟ್ ಜಾಲ 50ರಲ್ಲಿ ನಿಲ್ಲುತ್ತಿರಲಿಲ್ಲ. ಲೋಡ್ ಜಾಸ್ತಿ ಆದಾಗ 48, 49ಕ್ಕೆ ಇಳಿಯುತ್ತಿತ್ತು. ಹಾಗಾಗಿ ಗೆರೆ ನೋಡಿ ಹತ್ತಿರಕ್ಕೆ ತನ್ನಿ, ಕೊನೆಯ ಮಾತು ಹಾರ್ಮೋನಿಯಂ ಹೇಳಲಿ. ಇದೆಲ್ಲ ನಕಲಿನ ಮೇಲೆ. ಮುಟ್ಟದ ಫೈಲಿನಲ್ಲಿ ಗುಂಯ್ ಸದ್ದು ಹಾಗೇ ಇರಲಿ.

ಶಹಾಬಾದ್ ಕಲ್ಲು

ದನಿ ತೆಳ್ಳಗಿದೆ ಅಂತ ಎಲ್ಲವನ್ನೂ ಇಳಿಸಲೂಬಾರದು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ತಟ್ಟೆಗಳನ್ನು ಕೇಳಿ. ತೆಳು, ಎತ್ತರದ ಹೆಣ್ಣು ದನಿ. ನಮಗೆಲ್ಲ ಗೊತ್ತಿರೋ ಆ ಗಂಭೀರ ದನಿ ಬಂದದ್ದು ಗಂಟಲಿನ ಚಿಕಿತ್ಸೆಯ ನಂತರ. ಯಾರಾದರೂ ಇದು ವೇಗದ ತಪ್ಪು ಅಂತ ತಿಳಿದು ಮುಂದಿನ ದನಿಗೆ ಹೊಂದುವಂತೆ ತಗ್ಗಿಸಿದ್ದರೆ, ಅವರ ಎಳೆಯ ದನಿ ನಮ್ಮ ಕೈತಪ್ಪುತ್ತಿತ್ತು. ಹಾಡಿದವರ ಬಗ್ಗೆ ತಿಳಿದವರು ಪಕ್ಕದಲ್ಲಿ ಇರಲೇಬೇಕು.

ಹುಮನಾಬಾದ್ ಅಕ್ಕ

ಅದೇ ನಾನು ಹೇಳಬೇಕು ಅಂದುಕೊಂಡೆ. ಜೇವರ್ಗಿ ರಸ್ತೆ ತಮ್ಮಾ, ನಿಮ್ಮಪ್ಪ ಇದ್ದಾರೆ. ಡೆಕ್ ಬರಲಿ ಅಂತ ಕಾಯಬೇಡ. ಮೊಬೈಲ್ ರೆಕಾರ್ಡರ್ ಹಚ್ಚಿ ಅವರ ಪಕ್ಕ ಕೂತು ಒಂದೊಂದು ಕ್ಯಾಸೆಟ್ ಕೈಗೆ ಕೊಟ್ಟು ಕೇಳು. ಇದು ಯಾವ ಊರು, ಯಾರ ಮನೆ ಮುಂದೆ, ಹಾಡಿದವರು ಯಾರು, ತಾಳ ಹಾಕಿದವರು ಯಾರು, ಯಾವ ಹಬ್ಬ. ನಮ್ಮ ಮುತ್ಯಾ ತೀರಿಕೊಂಡ ಮೇಲೆ ಸ್ಪೂಲು ಸಿಕ್ಕಿದ್ದು. ಡಬ್ಬಿಯ ಮೇಲೆ ‘ದರ್ಬಾರ್, ಎರಡನೇ ದಿನ’ ಅಂತ ಬರೆದಿದೆ. ಯಾವ ವರ್ಷ, ಯಾರು ಹಾಡಿದ್ದು, ಹೇಳುವವರು ಯಾರೂ ಇಲ್ಲ. ನಾಳೆ ಸದ್ದು ಎಷ್ಟೇ ಚೆನ್ನಾಗಿ ಬಂದರೂ ಅದು ಹೆಸರಿಲ್ಲದ ಸದ್ದು.

ಬೀಸುವ ಪದ ಹಾಡಿದ ಹೆಣ್ಣುಮಕ್ಕಳ ಹೆಸರು ಮರೆಯದೆ ಕೇಳು. ಭಜನೆ ಮೇಳದ ಗಂಡಸರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಹೆಣ್ಣುಮಕ್ಕಳದ್ದು ‘ಗೌಡರ ಮನೆಯವರು’ ಅಂತ ಬರೆದು ಬಿಡುತ್ತಾರೆ.

ಜೇವರ್ಗಿ ರಸ್ತೆ

ಅಕ್ಕಾ, ನಿನ್ನೆ ರಾತ್ರಿಯೇ ಶುರು ಮಾಡಿದೆ. ಒಂದು ಕ್ಯಾಸೆಟ್ಟಿನ ಮೇಲೆ ಅಪ್ಪನ ಅಕ್ಷರದಲ್ಲಿ ‘ಅಲಾಯಿ ಪದ’ ಅಂತ ಮಾತ್ರ ಇತ್ತು. ಕೈಗೆ ಕೊಟ್ಟ ಕೂಡಲೇ ಊರು ಹೇಳಿದರು, ಮುಂದೆ ನಿಂತು ಹಾಡಿದವರು ಮತ್ತು ಹಿಂದೆ ಸೊಲ್ಲು ಎತ್ತಿಕೊಂಡವರ ಹೆಸರು ಹೇಳಿದರು. ಒಬ್ಬರು ಲಿಂಗಾಯತರು, ಒಬ್ಬರು ಕುರುಬರು, ಇಬ್ಬರು ಮುಸಲ್ಮಾನರು. ಪದ ಕಟ್ಟಿದವರ ಮೊಮ್ಮಗ ಇನ್ನೂ ಅದೇ ಊರಲ್ಲಿದ್ದಾರಂತೆ.

ಒಂದು ಕಾನೂನಿನ ಪ್ರಶ್ನೆ. ಇದನ್ನು ಯೂಟ್ಯೂಬಿಗೆ ಹಾಕಿದರೆ ತೊಂದರೆ ಇದೆಯಾ?

ಬೆಂಗಳೂರಲ್ಲಿ ಕಲಬುರ್ಗಿ

ಕಂಪನಿಗಳು ಹೊರತಂದ ರೆಕಾರ್ಡಿಂಗ್ ಆದರೆ, 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಪ್ರಕಟವಾದ ಮುಂದಿನ ಕ್ಯಾಲೆಂಡರ್ ವರ್ಷದಿಂದ 60 ವರ್ಷ ಹಕ್ಕು ಅವರದು. ಗಂಗೂಬಾಯಿ ಅವರ ಆ 1930ರ ದಶಕದ ತಟ್ಟೆಗಳ ರೆಕಾರ್ಡಿಂಗ್ ಹಕ್ಕು ಮುಗಿದಿದೆ. ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿದ ನಂತರ 60 ವರ್ಷ.

ನಿಮ್ಮ ಕ್ಯಾಸೆಟ್ ಯಾರೂ ಪ್ರಕಟಿಸಿದ್ದಲ್ಲ. ಕಾನೂನು ಪಕ್ಕಕ್ಕಿರಲಿ, ಆ ಮೊಮ್ಮಗನನ್ನು ಮೊದಲು ಕಂಡು ಬನ್ನಿ. ಅವರಿಗೆ ಕೇಳಿಸಿ, ಒಪ್ಪಿಗೆ ಕೇಳಿ, ಒಂದು ನಕಲು ಕೊಡಿ. ಬೀಸುವ ಪದದಲ್ಲಿ ಮನೆಯ ಕಷ್ಟ, ಅತ್ತೆ ಮಾವನ ಮಾತು ಬಂದಿರುತ್ತದೆ. ಎಲ್ಲವೂ ಊರಿಗೆ ಕೇಳಲಿ ಅಂತ ಅವರು ಹಾಡಿರಲಿಕ್ಕಿಲ್ಲ.

ಸಗರನಾಡು

ಈ ಮಾತು ನೂರಕ್ಕೆ ನೂರು ಸರಿ. ಒಪ್ಪಿಗೆ ಸಿಕ್ಕಿದ್ದನ್ನು ಮಾತ್ರ ನನಗೆ ಕಳಿಸಿ.

ಟೇಪು ಕಾಕಾ

ತಮ್ಮಾ, ಇಡೋದು ಎಲ್ಲಿ ಅಂತ ಯಾರೂ ಹೇಳಲಿಲ್ಲ. ಕಲಬುರಗಿ ಮೇ ತಿಂಗಳಲ್ಲಿ 42 ದಾಟುತ್ತದೆ. ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಇನ್ನೂ ಜಾಸ್ತಿ. ಪೆಟ್ಟಿಗೆ ಸೊಟ್ಟಗಾಗುತ್ತದೆ, ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಚ್ಚಾಗುತ್ತದೆ. ಹಾಡು ಶುರುವಾಗೋಕೆ ಮೊದಲೇ ಅದೇ ಹಾಡು ಮೆಲ್ಲಗೆ ಕೇಳುತ್ತದಲ್ಲ, ಅದು ಇದೇ. ಟ್ರಂಕನ್ನು ಕೆಳಗಿನ ಒಳಕೋಣೆಗೆ ತಾ. ಕ್ಯಾಸೆಟ್ ಮಲಗಿಸಬೇಡ, ಪುಸ್ತಕದಂತೆ ನಿಲ್ಲಿಸಿಡು. ಸ್ಪೀಕರ್, ಮೋಟರ್ ಹತ್ತಿರ ಬೇಡ.

ಫೈಲ್ ಮೂರು ಕಡೆ ಇರಲಿ. ಒಂದು ನಿನ್ನ ಹಾರ್ಡ್ ಡಿಸ್ಕ್, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ, ಮತ್ತೊಂದು ಇಂಟರ್‌ನೆಟ್ಟಿನಲ್ಲಿ. ಒಂದು ಪ್ರತಿ ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಗೂ ಕೊಡಲು ಕೇಳಿ ನೋಡು, ಜಾನಪದ ಓದೋ ಹುಡುಗರಿಗೆ ಬೇಕಾಗುತ್ತದೆ. ಡಿಜಿಟಲ್ ಆಯಿತು ಅಂತ ಕ್ಯಾಸೆಟ್ ಮಾತ್ರ ಎಸೆಯಬೇಡ.

ನನ್ನ ಹತ್ತಿರ ಒಂದು ಮೂರು ಹೆಡ್ಡಿನ ಡೆಕ್ ಇದೆ, ಬೆಲ್ಟು ಹೊಸದು ಹಾಕಿದ್ದೇನೆ. ಕಲಬುರಗಿಗೆ ಮಗಳ ಮನೆಗೆ ಬರೋದಿದೆ, ಬರುವಾಗ ತರುತ್ತೇನೆ. ಸ್ಕ್ರೂ ತಿರುಗಿಸೋದು ಕೈಗೆ ಕೂಡೋವರೆಗೆ ಜೊತೆಗೆ ಕೂರುತ್ತೇನೆ.

ಜೇವರ್ಗಿ ರಸ್ತೆ

ಕಾಕಾ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಊಟಕ್ಕೆ ನಮ್ಮ ಮನೆಗೇ ಬರಬೇಕು. ಯಾವ ಕ್ಯಾಸೆಟ್ಟಿನಿಂದ ಶುರು ಮಾಡೋಣ?

ಟೇಪು ಕಾಕಾ

ಮೊದಲು ಒಂದು ಸಿನಿಮಾ ಹಾಡಿನ ಕ್ಯಾಸೆಟ್ ತೆಗೆದಿಡು, ಕೈ ಪಳಗಿಸಲು. ಆಮೇಲೆ ಪ್ಯಾಡ್ ಬಿದ್ದಿರೋವು, ಬೂಷ್ಟು ಹಿಡಿದಿರೋವು ಬೇರೆ ಮಾಡಿಡು, ಅವಕ್ಕೆ ಪೆಟ್ಟಿಗೆ ಬದಲಿಸಬೇಕು. ಸಿ-60, ಸಿ-90 ಅಂತ ಬರೆದಿರುತ್ತದೆ, ನೋಡು. ಸಿ-120 ಇದ್ದರೆ ನಾನು ಬರೋವರೆಗೆ ಯಾವ ಯಂತ್ರಕ್ಕೂ ಹಾಕಬೇಡ. ಅದರ ಟೇಪು ಭಾಳ ತೆಳು, ಸುತ್ತಿಕೊಂಡರೆ ಬಿಡಿಸಲು ಬರಲ್ಲ. ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಸೂಪರ್ ಮಾರ್ಕೆಟ್ ಕಡೆ ಹಳೇ ಅಂಗಡಿಗಳಲ್ಲಿ ಸಿಕ್ಕರೆ ಎಷ್ಟಿದ್ದರೂ ತಗೊಂಡಿಡು.

ಶಹಾಬಾದ್ ಕಲ್ಲು

ಕಾಕಾ ಬರೋ ದಿನ ಹೇಳಿ. ಹಾರ್ಮೋನಿಯಂ ತಗೊಂಡು ನಾನೂ ಬರುತ್ತೇನೆ.